ಬೆಂಕಿಪೊಟ್ಟಣದಲ್ಲಿ ಒಂದು ದವಡೆ

(ನಮ್ಮ ತಾಲೂಕಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬಂದಿದ್ದವರಲ್ಲಿ ಕೆಲವರು ಬರಹದಲ್ಲೂ ಬೇಕು ಎಂದರು. ಮಾತಿನಲ್ಲಿ ತಡವರಿಸಿದ್ದನ್ನು ಇಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ತೋರಿಸುವುದಕ್ಕೆ ದೊಡ್ಡದೇನೂ ತಂದಿಲ್ಲ. ಈ ಬೆಂಕಿಪೊಟ್ಟಣ ಒಂದೇ. ಒಳಗೆ ಹತ್ತಿ ಇದೆ, ಹತ್ತಿಯ ಮೇಲೆ ಒಂದು ದವಡೆ ಮೂಳೆ. ನಿಮ್ಮ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ನಿಧಾನವಾಗಿ ಕೈಯಿಂದ ಕೈಗೆ ದಾಟಿಸಿ. ಬಿಗಿಯಾಗಿ ಹಿಡಿದರೆ ಮುರಿಯುತ್ತದೆ.

ಇದು ಸೊಂಡಿಲಿಯ ದವಡೆ. ರಾತ್ರಿ ಅಡುಗೆಮನೆಯ ಗೋಡೆ ಬದಿಯಲ್ಲಿ ಚಿಕ್ ಚಿಕ್ ಅಂತ ಸದ್ದು ಮಾಡುತ್ತಾ ಓಡುತ್ತದಲ್ಲ, ಚೂಪು ಮೂತಿಯದು, ಘಾಟು ವಾಸನೆಯದು, ಅದೇ. ಹೆಸರಿನಲ್ಲಿ ಇಲಿ ಇದ್ದರೂ ಇದು ಇಲಿಯ ಜಾತಿಗೆ ಸೇರಿದ್ದಲ್ಲ. ಇಲಿ ಕಾಳು ತಿನ್ನುತ್ತದೆ. ಇದು ಹುಳ, ಜಿರಳೆ, ಎರೆಹುಳು ತಿನ್ನುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಇವತ್ತಿನ ಕತೆಯ ಅರ್ಧ ಭಾಗ ಇದರ ಮೇಲೆಯೇ ನಿಂತಿದೆ.

ಈ ದವಡೆ ನನಗೆ ಸಿಕ್ಕಿದ್ದು ಗೂಬೆಯ ಉಂಡೆಯಲ್ಲಿ. ಕಣಜ ಗೂಬೆ ಇಲಿ, ಸೊಂಡಿಲಿಗಳನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಅರಗುತ್ತದೆ. ಕೂದಲು, ಮೂಳೆ ಅರಗುವುದಿಲ್ಲ. ಅವನ್ನು ಉಂಡೆ ಮಾಡಿ ಬಾಯಿಂದಲೇ ಹೊರಗೆ ಹಾಕುತ್ತದೆ. ಹಳೇ ಕಟ್ಟಡದ ಅಟ್ಟದ ಕೆಳಗೆ, ಪಾಳು ಗುಡಿಯ ಗೋಪುರದ ಕೆಳಗೆ ಇಂಥ ಕಪ್ಪು ಉಂಡೆಗಳು ಬಿದ್ದಿರುತ್ತವೆ. ನೆನೆಸಿ ಬಿಡಿಸಿದರೆ ಒಳಗೆ ತಲೆಬುರುಡೆ, ದವಡೆ, ತೊಡೆಮೂಳೆ ಎಲ್ಲಾ ಸಿಗುತ್ತವೆ. ನಾನು ಮಕ್ಕಳ ಜೊತೆ ಕೂತು ಇಂಥವನ್ನು ತುಂಬಾ ಬಿಡಿಸಿದ್ದೇನೆ. ಹಾಗೆ ಬಿಡಿಸುತ್ತಾ ಕೂತಾಗಲೇ ಒಂದು ಪ್ರಶ್ನೆ ಹುಟ್ಟಿತು. ಇಷ್ಟು ಚಿಕ್ಕ ಮೂಳೆ ತಾನಿದ್ದ ನೆಲದ ಬಗ್ಗೆ ಏನೇನು ಹೇಳಬಲ್ಲದು?

ಈಗ ದೂರದ ಒಂದು ಊರಿಗೆ ಹೋಗೋಣ. ಸ್ಪೇನ್ ದೇಶದ ದಕ್ಷಿಣದಲ್ಲಿ ಸೆವಿಲ್ಯಾ ಎಂಬ ನಗರ. ಅದರ ಹತ್ತಿರ ಅಸ್ನಾಲ್ಕೋಯಾರ್ ಎಂಬ ಗಣಿ ಊರು. ಅಲ್ಲಿಂದ ತೆಂಕಣಕ್ಕೆ ಗ್ವಾಡಿಯಾಮಾರ್ ಎಂಬ ಚಿಕ್ಕ ನದಿ ಹರಿದು ಡೊನ್ಯಾನಾ ಎಂಬ ಜೌಗು ಪ್ರದೇಶದ ಕಡೆ ಹೋಗುತ್ತದೆ. ಡೊನ್ಯಾನಾ 1969ರಿಂದ ರಾಷ್ಟ್ರೀಯ ಉದ್ಯಾನ, 1994ರಿಂದ ವಿಶ್ವ ಪರಂಪರೆಯ ತಾಣ. ಯೂರೋಪು ಆಫ್ರಿಕಾ ನಡುವೆ ಹೋಗಿ ಬರುವ ಲಕ್ಷಾಂತರ ಹಕ್ಕಿಗಳಿಗೆ ಅದು ತಂಗುದಾಣ.

ಆ ಗಣಿಯಲ್ಲಿ ಸತು, ಸೀಸ, ತಾಮ್ರದ ಅದಿರು ತೆಗೆಯುತ್ತಿದ್ದರು. ಅದಿರನ್ನು ಪುಡಿ ಮಾಡಿ ಲೋಹ ತೆಗೆದ ಮೇಲೆ ಉಳಿಯುವ ಕಪ್ಪು ಕೆಸರನ್ನು ಒಂದು ದೊಡ್ಡ ಕಟ್ಟೆಯೊಳಗೆ ತುಂಬಿಡುತ್ತಿದ್ದರು. ಕಟ್ಟೆ ನಿಂತಿದ್ದದ್ದು ಜೇಡಿನಂಥ ಮೆತ್ತನೆಯ ನೆಲದ ಮೇಲೆ. 1998ರ ಏಪ್ರಿಲ್ 25ರ ನಸುಕಿನಲ್ಲಿ ಆ ನೆಲವೇ ಜಾರಿತು. ಕಟ್ಟೆಯ ಒಂದು ಭಾಗ ನಿಂತ ಹಾಗೆಯೇ ಹತ್ತಾರು ಮೀಟರ್ ಮುಂದೆ ಸರಿದು ಬಾಯಿಬಿಟ್ಟಿತು. ಸುಮಾರು 50 ಲಕ್ಷ ಘನ ಮೀಟರ್ ಹುಳಿ ನೀರು, ಕೆಸರು ಹೊರಗೆ ನುಗ್ಗಿತು. ಸುಮಾರು 40 ಕಿಲೋಮೀಟರ್ ಉದ್ದಕ್ಕೂ ನದಿಯ ಎರಡೂ ದಡ ಮುಳುಗಿದವು. 4,000 ಹೆಕ್ಟೇರ್‌ಗಿಂತ ಜಾಸ್ತಿ ನೆಲ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ಎಕರೆ. ಕೆಸರಿನಲ್ಲಿ ಸತು, ಸೀಸ, ತಾಮ್ರ, ಆರ್ಸೆನಿಕ್, ಕ್ಯಾಡ್ಮಿಯಂ, ಥ್ಯಾಲಿಯಂ ಎಲ್ಲ ಇತ್ತು. ಮೀನುಗಳು ಟನ್‌ಗಟ್ಟಲೆ ಸತ್ತವು. ಉದ್ಯಾನದ ಬಾಗಿಲಿಗೆ ಅವಸರದಲ್ಲಿ ಮಣ್ಣಿನ ಒಡ್ಡು ಹಾಕಿ ನೀರನ್ನು ತಡೆದರು. ಹಾಗಾಗಿ ನಡುಭಾಗದ ಜೌಗು ಬಹುಮಟ್ಟಿಗೆ ಉಳಿಯಿತು.

ಅಲ್ಲಿಯ ಜನ ಮಾಡಿದ ಕೆಲಸವನ್ನು ನಾನು ಮನಸ್ಸಾರೆ ಮೆಚ್ಚುತ್ತೇನೆ. ಮುಂದಿನ ಮಳೆ ಶುರುವಾದರೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ ಅಂತ ಹಗಲೂ ರಾತ್ರಿ ಲಾರಿ ಓಡಿಸಿ ಕೆಸರನ್ನು, ಅದರ ಕೆಳಗಿನ ಮೇಲ್ಮಣ್ಣನ್ನೂ ಕೆರೆದು ಗಣಿಯ ಹಳೇ ಗುಂಡಿಗೆ ಸುರಿದರು. ಮಣ್ಣಿನ ಹುಳಿ ಕಡಿಮೆಯಾಗಲಿ ಎಂದು ಸಕ್ಕರೆ ಬೀಟ್ ಕಾರ್ಖಾನೆಯಲ್ಲಿ ಉಳಿದ ಸುಣ್ಣ ಹಾಕಿದರು. ಗೊಬ್ಬರ ಬೆರೆಸಿದರು. ಸರ್ಕಾರ ಹೊಲಗಳನ್ನು ಕೊಂಡುಕೊಂಡು ಅಲ್ಲಿ ಬೆಳೆ ತೆಗೆಯುವುದನ್ನು ನಿಲ್ಲಿಸಿತು. ಕಾಡು ಆಲಿವ್, ಓಕ್ ಗಿಡ ನೆಟ್ಟರು. ಆ ಪಟ್ಟಿಗೆ ಹಸಿರು ಹಾದಿ ಎಂದು ಹೆಸರಿಟ್ಟು 2003ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು.

ಈಗ ಅಲ್ಲಿ ಹೋದರೆ ಹಸಿರು ಕಾಣುತ್ತದೆ. ಹಕ್ಕಿ ಕೂಗುತ್ತದೆ. ಎಲ್ಲ ಸರಿಹೋಯಿತು ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ಹುಲ್ಲಿನ ಬುಡದಲ್ಲಿ ನಮ್ಮ ಸೊಂಡಿಲಿಯ ಹತ್ತಿರದ ನೆಂಟ ಒಂದು ಓಡಾಡುತ್ತಿರುತ್ತದೆ. ಬಿಳಿ ಹಲ್ಲಿನ ಸೊಂಡಿಲಿ ಅಂತ ಕರೆಯಬಹುದು. ಏಳೆಂಟು ಗ್ರಾಂ ತೂಕ. ಅದು ಇಡೀ ಜೀವನ ಕಳೆಯುವುದು ನಮ್ಮ ಒಂದು ಅಡಿಕೆ ತೋಟದಷ್ಟು ಜಾಗದಲ್ಲಿ. ಹಾರಿ ಹೋಗುವುದಿಲ್ಲ, ವಲಸೆ ಹೋಗುವುದಿಲ್ಲ. ಆ ನೆಲ ಏನು ಕೊಡುತ್ತದೋ ಅದನ್ನೇ ತಿನ್ನಬೇಕು. ತಿನ್ನುವುದೂ ಹೆಚ್ಚುಕಡಿಮೆ ದಿನಕ್ಕೆ ತನ್ನ ತೂಕದಷ್ಟು. ಅಷ್ಟು ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ. ಬೆಚ್ಚಗೆ ಇರಬೇಕಾದರೆ ತಿನ್ನುತ್ತಲೇ ಇರಬೇಕು.

ಸ್ಪೇನಿನ ಸಂಶೋಧಕರು ಕೆಸರು ತೆಗೆದ ಮೇಲೆ ಆ ಜಾಗದ ಸೊಂಡಿಲಿಗಳನ್ನೂ ಇಲಿಗಳನ್ನೂ ಹಿಡಿದು ನೋಡಿದರು. ಕೆಸರು ಹೋಗಿ ವರ್ಷಗಳಾಗಿದ್ದರೂ, ಶುದ್ಧ ಜಾಗದವಕ್ಕಿಂತ ಇವುಗಳ ಮೈಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹ ಜಾಸ್ತಿ ಇತ್ತು. ಈ ಪ್ರಾಣಿ ಬದುಕುವುದೇ ವರ್ಷ, ಒಂದೂವರೆ ವರ್ಷ. ಅಂದರೆ ಕಟ್ಟೆ ಒಡೆದಾಗ ಇವು ಹುಟ್ಟಿಯೇ ಇರಲಿಲ್ಲ. ಇವುಗಳ ಅಜ್ಜಿಯ ಅಜ್ಜಿ ಇದ್ದಿರಬಹುದು. ಹಾಗಾದರೆ ಲೋಹ ಬಂದದ್ದು ಕಣ್ಣಿಗೆ ಚೊಕ್ಕಟವಾಗಿ ಕಾಣುವ ಆ ಮಣ್ಣಿನಿಂದಲೇ.

ಹೇಗೆ ಬಂತು? ಎರೆಹುಳುವಿನಿಂದ. ಎರೆಹುಳು ಮಣ್ಣನ್ನೇ ನುಂಗಿ ಬದುಕುವ ಜೀವ. ಕ್ಯಾಡ್ಮಿಯಂ ಅಂತೂ ಹುಳುವಿನ ಮೈಯಲ್ಲಿ ಮಣ್ಣಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸೇರುತ್ತದೆ. ಅದನ್ನು ಸೊಂಡಿಲಿ ತಿನ್ನುತ್ತದೆ. ಅದೇ ಹೊಲದಲ್ಲಿ ಹುಲ್ಲು ತಿನ್ನುವ ಇಲಿಯ ಮೈಯಲ್ಲಿ ಇಷ್ಟು ಇರುವುದಿಲ್ಲ. ಇದನ್ನು ಹಲವು ದೇಶಗಳಲ್ಲಿ ನೋಡಿದ್ದಾರೆ. ನೆದರ್ಲೆಂಡ್ಸ್ ಬೆಲ್ಜಿಯಂ ಗಡಿಯಲ್ಲಿ ಕೆಂಪೆನ್ ಎಂಬ ಪ್ರದೇಶವಿದೆ. ಅಲ್ಲಿ 19ನೇ ಶತಮಾನದ ಕೊನೆಯಿಂದ ಸತುವಿನ ಕುಲುಮೆಗಳು ನಡೆದವು. ಹೊಗೆಯಲ್ಲಿ ಕ್ಯಾಡ್ಮಿಯಂ ಬಂದು ಸುತ್ತಲಿನ ಮರಳು ಮಣ್ಣಿನ ಮೇಲೆ ಕೂತಿತು. ಅಲ್ಲಿಯೂ ಹುಲ್ಲು ತಿನ್ನುವ ಇಲಿಗಿಂತ ಸೊಂಡಿಲಿಯ ಮೈಯಲ್ಲೇ ಲೋಹ ಜಾಸ್ತಿ. ಅಲ್ಲಿಯ ಮಣ್ಣು ಹುಳಿ, ಸುಣ್ಣದ ಅಂಶ ಕಡಿಮೆ. ಅಂಥ ಮಣ್ಣು ಲೋಹವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಡುತ್ತದೆ. ಜೊತೆಗೆ ತಿನ್ನುವ ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಕರುಳು ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ. ಮನುಷ್ಯರಲ್ಲೂ ಇದು ಹೀಗೆಯೇ. ರಾಗಿಮುದ್ದೆಯಲ್ಲಿ ಕ್ಯಾಲ್ಸಿಯಂ ಇದೆ ಅಂತ ನಮ್ಮ ಅಮ್ಮಂದಿರು ಹೇಳುವಾಗ ಮೂಳೆ ಗಟ್ಟಿಯಾಗಲಿ ಅಂತಷ್ಟೇ ಯೋಚಿಸುತ್ತೇವೆ. ಆದರೆ ಆ ಕ್ಯಾಲ್ಸಿಯಂ ಸೀಸಕ್ಕೆ ಅಡ್ಡ ನಿಲ್ಲುವ ಕೆಲಸವನ್ನೂ ಮಾಡುತ್ತದೆ.

ಈಗ ಮೂಳೆಗೆ ಬರುತ್ತೇನೆ. ಮೂಳೆ ಅಂದರೆ ಕಲ್ಲಿನ ಹಾಗೆ ಸತ್ತ ವಸ್ತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮೂಳೆ ಜೀವ ಇರುವ ವಸ್ತು. ಅದರಲ್ಲಿ ಕಟ್ಟುವ ಜೀವಕೋಶಗಳಿವೆ, ಕೆಡವುವ ಜೀವಕೋಶಗಳಿವೆ. ಹಳೆಯದನ್ನು ಕೆಡವುತ್ತಾ ಹೊಸದನ್ನು ಕಟ್ಟುತ್ತಾ ಇರುತ್ತವೆ. ಕಟ್ಟುವುದಕ್ಕೆ ಬೇಕಾದ ಸಾಮಾನು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ರಕ್ತದಲ್ಲಿ ಹರಿದು ಬರುವ ಸೀಸದ ಕಣಕ್ಕೂ ಕ್ಯಾಲ್ಸಿಯಂ ಕಣಕ್ಕೂ ಒಂದೇ ವಿದ್ಯುದಂಶ, ಗಾತ್ರದಲ್ಲೂ ಹತ್ತಿರ. ಹಾಗಾಗಿ ಬಸ್ಸಿನಲ್ಲಿ ಬೇರೆಯವರು ಟವೆಲ್ ಹಾಕಿದ್ದ ಸೀಟಿನಲ್ಲಿ ಯಾರೋ ಬಂದು ಕೂತ ಹಾಗೆ, ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಸೀಸ ಕೂತುಬಿಡುತ್ತದೆ. ಕೂತರೆ ಬೇಗ ಏಳುವುದಿಲ್ಲ.

ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮೂಳೆಯಲ್ಲೇ ಇರುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಯಲ್ಲಿರುವುದು ಅರ್ಧ ಆಗಲು ಹತ್ತಾರು ವರ್ಷ ಬೇಕು. ಒಂದು ವರ್ಷ ಬದುಕುವ ಸೊಂಡಿಲಿಗೆ ಇದರ ಅರ್ಥ ಏನು ಗೊತ್ತಾ? ಮೂಳೆಗೆ ಸೇರಿದ ಸೀಸದ ಬಹುಪಾಲು ಅದು ಸಾಯುವವರೆಗೂ ಹೊರಗೆ ಬರುವುದಿಲ್ಲ. ಅದಕ್ಕೇ ರಕ್ತದ ಪರೀಕ್ಷೆ ಈಚಿನ ಕೆಲವು ವಾರಗಳ ಸುದ್ದಿ ಕೊಟ್ಟರೆ, ತೊಡೆಮೂಳೆ ಇಡೀ ಬದುಕಿನ ಲೆಕ್ಕ ಕೊಡುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ಇಲಿಯ ಮುಂಬಲ್ಲು ಜೀವಮಾನ ಪೂರ್ತಿ ಬೆಳೆಯುತ್ತಲೇ ಇರುತ್ತದೆ. ತುದಿ ಸವೆಯುತ್ತದೆ, ಬುಡದಿಂದ ಹೊಸದು ಬರುತ್ತದೆ. ಕೆಲವು ವಾರಗಳಲ್ಲಿ ಇಡೀ ಹಲ್ಲೇ ಹೊಸದಾಗಿರುತ್ತದೆ. ಹಾಗಾಗಿ ಒಂದೇ ಇಲಿಯಲ್ಲಿ ಎರಡು ಪುಸ್ತಕಗಳಿವೆ. ಮುಂಬಲ್ಲಿನಲ್ಲಿ ಹೋದ ಒಂದೆರಡು ತಿಂಗಳ ಬರಹ. ತೊಡೆಮೂಳೆಯಲ್ಲಿ ಹುಟ್ಟಿದಾಗಿನಿಂದ ಬರೆದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಹುದು.

1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮುಚ್ಚಿಹೋದ ಹಳೇ ಸೀಸದ ಗಣಿಗಳ ಸುತ್ತ ಇಲಿ, ಸೊಂಡಿಲಿಗಳನ್ನು ಹಿಡಿದು ಅಂಗಾಂಗಗಳನ್ನು ಬೇರೆ ಬೇರೆಯಾಗಿ ಅಳೆದರು. ಗಣಿಯ ಗದ್ದಲ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಮೂಳೆಯಲ್ಲಿ ಸೀಸ ಇತ್ತು, ಉಳಿದ ಅಂಗಗಳಿಗಿಂತ ಮೂಳೆಯಲ್ಲೇ ಜಾಸ್ತಿ ಇತ್ತು. ಸೀಸ ಬೆರೆಸಿದ ಪೆಟ್ರೋಲ್ ಇದ್ದ ಕಾಲದಲ್ಲಿ ಹೆದ್ದಾರಿ ಬದಿಯ ಇಲಿಗಳನ್ನೂ ನೋಡಿದ್ದಾರೆ. ರಸ್ತೆಗೆ ಹತ್ತಿರವಾದಷ್ಟೂ ಸೀಸ ಜಾಸ್ತಿ. ನಮ್ಮ ದೇಶದಲ್ಲಿ ಆ ಪೆಟ್ರೋಲ್ ನಿಂತದ್ದು 2000ದಲ್ಲಿ. ಇಲ್ಲಿ ಕೂತಿರುವ ನಲವತ್ತು ದಾಟಿದ ನಮ್ಮೆಲ್ಲರ ಮೂಳೆಯಲ್ಲೂ ಆ ಕಾಲದ ಹೊಗೆಯ ಪಾಲು ಸ್ವಲ್ಪ ಉಳಿದಿದೆ.

ಮೂಳೆಯಲ್ಲಿ ಸೀಸ ಸುಮ್ನೆ ಕೂತಿದ್ದರೆ ತೊಂದರೆ ಏನು, ರಕ್ತದಲ್ಲಿ ಓಡಾಡುವುದಕ್ಕಿಂತ ಅದೇ ಒಳ್ಳೆಯದಲ್ವಾ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಒಂದು ಮಟ್ಟಿಗೆ ನಿಜ ಕೂಡ. ಮೂಳೆ ಆ ವಿಷವನ್ನು ತನ್ನ ಮೇಲೆ ಎಳೆದುಕೊಂಡು ಮಿದುಳನ್ನೂ ಮೂತ್ರಪಿಂಡವನ್ನೂ ಸ್ವಲ್ಪ ಕಾಪಾಡುತ್ತದೆ. ಆದರೆ ಎರಡು ತೊಂದರೆಗಳಿವೆ.

ಮೊದಲನೆಯದು, ಮೂಳೆ ಕಟ್ಟುವ ಕೋಶಗಳ ಕೆಲಸವನ್ನೇ ಸೀಸ ಕೆಡಿಸುತ್ತದೆ. ವಿಟಮಿನ್ ಡಿ ಮಾಡಬೇಕಾದ ಕೆಲಸಕ್ಕೂ ಅಡ್ಡ ಬರುತ್ತದೆ. ಬೆಳೆಯುವ ಮರಿಯಲ್ಲಿ ಇದರ ಪರಿಣಾಮ ಜಾಸ್ತಿ. ಎರಡನೆಯದು ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದ್ದು. ತಾಯಿ ಬಸಿರಾದಾಗ, ಹಾಲೂಡಿಸುವಾಗ ಮರಿಗೆ ಕ್ಯಾಲ್ಸಿಯಂ ಬೇಕು. ತಿಂದದ್ದು ಸಾಲದಿದ್ದರೆ ತಾಯಿಯ ಮೈ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಕ್ಯಾಲ್ಸಿಯಂ ಜೊತೆ ಅಲ್ಲಿ ಕೂತಿದ್ದ ಸೀಸವೂ ಎದ್ದು ರಕ್ತಕ್ಕೆ ಬರುತ್ತದೆ, ಹಾಲಿಗೂ ಬರುತ್ತದೆ. ಪ್ರಯೋಗಾಲಯದ ಇಲಿಗಳಲ್ಲೂ ಮನುಷ್ಯ ತಾಯಂದಿರಲ್ಲೂ ಇದನ್ನು ನೋಡಿದ್ದಾರೆ. ತಾಯಿ ಮರಿಗೆ ತನ್ನ ಮೂಳೆಯನ್ನೇ ಅರೆದು ಕೊಡುತ್ತಿದ್ದಾಳೆ, ಅದರಲ್ಲಿ ವಿಷವೂ ಇದೆ, ಅವಳಿಗೆ ಅದು ಗೊತ್ತಿಲ್ಲ. ಗೂಡಿನಲ್ಲಿ ಕಣ್ಣು ಬಿಡದ ಮರಿಗಳು ಹಾಲು ಕುಡಿಯುವುದನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕ್ಯಾಡ್ಮಿಯಂನ ದಾರಿ ಬೇರೆ. ಅದು ಮೂಳೆಯಲ್ಲಿ ಅಷ್ಟಾಗಿ ಕೂರುವುದಿಲ್ಲ. ಮೂತ್ರಪಿಂಡದಲ್ಲಿ ಕೂರುತ್ತದೆ. ಅಲ್ಲಿ ಸೋಸುವ ನಳಿಕೆಗಳು ಹಾಳಾದರೆ ಮೈಯಲ್ಲಿ ಉಳಿಯಬೇಕಾದ ಫಾಸ್ಫೇಟ್ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವುದೂ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಮೂಳೆ ಕೆಡವುವ ಕೋಶಗಳಿಗೆ ಕ್ಯಾಡ್ಮಿಯಂ ಕುಮ್ಮಕ್ಕು ಕೊಡುತ್ತದೆ. ಮೂಳೆ ಒಳಗಿಂದ ಟೊಳ್ಳಾಗುತ್ತಾ ಬರುತ್ತದೆ.

ಜಗತ್ತು ಇದನ್ನು ಕಲಿತದ್ದು ಜಪಾನಿನ ಹೆಂಗಸರಿಂದ. ತೊಯಾಮಾ ಪ್ರಾಂತ್ಯದ ಜಿನ್ಜು ನದಿಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಮೇಲೆ ಕಮಿಯೋಕಾ ಗಣಿ. ಅಲ್ಲಿಂದ ಕ್ಯಾಡ್ಮಿಯಂ ಹರಿದು ಗದ್ದೆಗೆ ಬಂತು. ಅಕ್ಕಿಯಲ್ಲಿ ಸೇರಿತು. ಹಲವು ಮಕ್ಕಳನ್ನು ಹೆತ್ತ, ವಯಸ್ಸಾದ ಹೆಂಗಸರಿಗೆ ಮೂಳೆ ಮೆತ್ತಗಾಗಿ ಕೆಮ್ಮಿದರೂ ಮುರಿಯುವ ಹಾಗಾಯಿತು. ಇತಾಯ್ ಇತಾಯ್ ಅಂತ ನರಳುತ್ತಿದ್ದರು. ಅವರ ಭಾಷೆಯಲ್ಲಿ ನೋವು ನೋವು ಅಂತ. ಕಾಯಿಲೆಗೆ ಅದೇ ಹೆಸರಾಯಿತು. 1968ರಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ಕಾಯಿಲೆ ಎಂದು ಒಪ್ಪಿತು. ಆ ಹಳ್ಳಿಗಳ ಜನ ನ್ಯಾಯಾಲಯಕ್ಕೆ ಹೋಗಿ ಗೆದ್ದರು.

ಹಾಗಾದರೆ ಸೊಂಡಿಲಿಗೂ ಇತಾಯ್ ಇತಾಯ್ ಬರುತ್ತದಾ? ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು. ಮೂಳೆಯಲ್ಲಿ ಲೋಹ ಸಿಕ್ಕಿತು ಅಂದ ಮಾತ್ರಕ್ಕೆ ಆ ಪ್ರಾಣಿ ಕಾಯಿಲೆ ಬಿದ್ದಿತ್ತು ಅಂತ ಹೇಳುವ ಹಾಗಿಲ್ಲ. ಮನುಷ್ಯನ ಮೂತ್ರಪಿಂಡ ಹಾಳಾಗಲು ದಶಕಗಳು ಬೇಕು. ಸೊಂಡಿಲಿಗೆ ಅಷ್ಟು ಆಯಸ್ಸೇ ಇಲ್ಲ. ಎಷ್ಟೋ ಸಲ ಗೂಬೆ ಮೊದಲು ಬರುತ್ತದೆ. ಆದ್ದರಿಂದ ಸಂಶೋಧಕರು ಇನ್ನೂ ಸೂಕ್ಷ್ಮವಾದ ಗುರುತುಗಳನ್ನು ಹುಡುಕುತ್ತಾರೆ. ಅದರಲ್ಲಿ ಒಂದು ಎಡ ಬಲದ ಹೋಲಿಕೆ. ಎಡ ದವಡೆ ಬಲ ದವಡೆ ಎರಡೂ ಒಂದೇ ಅಳತೆಗೆ ಬೆಳೆಯಬೇಕು. ಬೆಳೆಯುವಾಗ ಮೈಗೆ ಕಷ್ಟವಾದರೆ ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಸೂಕ್ಷ್ಮದರ್ಶಕದ ಕೆಳಗೆ ನೂರಾರು ದವಡೆಗಳನ್ನು ಅಳೆದರೆ ಮಾತ್ರ ಗೊತ್ತಾಗುತ್ತದೆ. ಕೆಲವು ಕೊಳಕು ಜಾಗಗಳಲ್ಲಿ ಈ ವ್ಯತ್ಯಾಸ ಸಿಕ್ಕಿದೆ, ಕೆಲವು ಕಡೆ ಸಿಕ್ಕಿಲ್ಲ. ಚಳಿ, ಹಸಿವು, ರೋಗದಿಂದಲೂ ಹೀಗಾಗಬಹುದು. ಇದೊಂದನ್ನೇ ನಂಬಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಒಪ್ಪಿಗೆಯಿಲ್ಲ. ಮೂಳೆಯ ಲೋಹ, ಮೂತ್ರಪಿಂಡದ ಸ್ಥಿತಿ, ಅಲ್ಲಿಯ ಮಣ್ಣು, ಹುಳು ಎಲ್ಲವನ್ನೂ ಒಟ್ಟಿಗಿಟ್ಟು ನೋಡಬೇಕು.

ಡೊನ್ಯಾನಾ ಹತ್ತಿರ ಮೂಳೆಯ ಮೇಲಿನ ಕಣ್ಣಿಗೆ ಕಾಣುವ ಹಾನಿ ತೋರಿಸಿದ್ದು ಕೊಕ್ಕರೆಗಳು. ಕಟ್ಟೆ ಒಡೆದ ಮುಂದಿನ ವರ್ಷಗಳಲ್ಲಿ ಅಲ್ಲಿಯ ಬಿಳಿ ಕೊಕ್ಕರೆಯ ಗೂಡುಗಳಲ್ಲಿ ಕಾಲು ಸೊಟ್ಟಗಾದ ಮರಿಗಳು ಕಂಡವು. ನೆಟ್ಟಗೆ ನಿಲ್ಲಲಾರದ ಕೊಕ್ಕರೆ ಮರಿ ಹಾರಲಾರದು. ಅವುಗಳ ಮೂಳೆಯನ್ನು ಪರೀಕ್ಷಿಸಿ ಲೋಹದ ಜೊತೆ ನಂಟು ಇದೆ ಎಂದು ಬರೆದರು. ಕೊಕ್ಕರೆ ಮರದ ಮೇಲೆ ಎತ್ತರದಲ್ಲಿರುತ್ತದೆ, ಬೆಳ್ಳಗೆ ಚೆಂದ, ಎಲ್ಲರ ಕಣ್ಣಿಗೂ ಬೀಳುತ್ತದೆ. ಹುಲ್ಲಿನ ಬುಡದಲ್ಲಿ ಏಳು ಗ್ರಾಮಿನ ಒಂದು ಜೀವ ಕುಂಟಿದರೆ ನೋಡುವವರು ಯಾರು?

ವಿಜ್ಞಾನದ ಬರಹಗಳಲ್ಲಿ ಇಂಥ ಪ್ರಾಣಿಗಳನ್ನು ಸೂಚಕ ಪ್ರಾಣಿ ಎನ್ನುತ್ತಾರೆ. ನಮಗೆ ಅಪಾಯ ಸೂಚಿಸುವುದೇ ಅದರ ಕೆಲಸ ಅನ್ನುವ ಹಾಗೆ. ನಾನೂ ಆ ಪದ ಬಳಸಿದ್ದೇನೆ. ಆದರೆ ಆಗೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಸೊಂಡಿಲಿ ಬದುಕುತ್ತಿರುವುದು ತನ್ನ ಬದುಕನ್ನು. ಆ ಮೂಳೆ ಮೊದಲು ಅದರದು, ಆಮೇಲೆ ನಮ್ಮ ಪುರಾವೆ.

ಕೊನೆಯಲ್ಲಿ ನಮ್ಮ ಕಡೆಯ ಮಾತು. ಮೂಳೆ ನೀರನ್ನು ನೆನಪಿಟ್ಟುಕೊಳ್ಳುತ್ತದೆ ಅನ್ನುವುದು ನಮಗೆ ಹೊಸದಲ್ಲ. ಪಾವಗಡದ ಕಡೆ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿಗೆ ಹಳದಿ ಬರೆ ಹಾಕುವುದನ್ನು, ಬೆನ್ನು ಮೊಣಕಾಲು ಹಿಡಿದುಬಿಡುವುದನ್ನು ನೋಡಿದ್ದೇವೆ. ಫ್ಲೋರೈಡ್ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಗುಂಪಿಗೆ ಸೇರುವುದಿಲ್ಲ, ಆದರೆ ಮೂಳೆಗೆ ನುಗ್ಗುವ ಬಗೆ ಹೀಗೆಯೇ. ಇನ್ನು ಕೋಲಾರದ ಚಿನ್ನದ ಗಣಿ. 2001ರಲ್ಲಿ ಮುಚ್ಚಿತು. ಅದಿರಿನ ಪುಡಿಯ ಗುಡ್ಡಗಳು ಹಾಗೇ ನಿಂತಿವೆ. ಜನ ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಬೀಸಿದರೆ ಬೂದಿಯಂಥ ದೂಳು ಮನೆಯೊಳಗೆ ಬರುತ್ತದೆ. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಲೋಹ ಒಡೆಯುವುದಿಲ್ಲ. ಅಲ್ಲಿಯ ಪಾಳು ಕಟ್ಟಡಗಳಲ್ಲಿ ಗೂಬೆ ಕೂರುವ ಜಾಗ ಗೊತ್ತಿರುವವರು ಇದ್ದರೆ ಆಮೇಲೆ ನನ್ನನ್ನು ಕಾಣಿ. ಉಂಡೆಗಳನ್ನು ತಾರೀಖು, ಜಾಗ ಬರೆದು ಕಾಗದದ ಪೊಟ್ಟಣದಲ್ಲಿ ಇಡಲು ಶುರು ಮಾಡೋಣ. ಪ್ರಾಣಿಯನ್ನು ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ. ಗೂಬೆ ಈಗಾಗಲೇ ಹಿಡಿದು ಕೊಟ್ಟಿದೆ.

ಮಾತು ಮುಗಿದ ಮೇಲೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೆಂಕಿಪೊಟ್ಟಣ ಹಿಡಿದುಕೊಂಡು ಬಂದಳು. "ಸರ್, ಇದು ಎಡಗಡೆ ದವಡೆನಾ ಬಲಗಡೆ ದವಡೆನಾ? ಹೇಗೆ ಗೊತ್ತಾಗುತ್ತೆ?" ಎಂದಳು. ಹಲ್ಲು ಮೇಲೆ ಬರುವ ಹಾಗೆ ಹಿಡಿ, ಮುಂಬಲ್ಲು ನಿನ್ನಿಂದ ದೂರಕ್ಕೆ ಇರಲಿ ಎಂದೆ. ದವಡೆಯ ಹಿಂಭಾಗದಲ್ಲಿ ನರ ಒಳಗೆ ಹೋಗುವ ಒಂದು ಸೂಜಿ ತೂತು ಇದೆ. ಅದು ಯಾವಾಗಲೂ ನಾಲಗೆಯ ಕಡೆಗೆ ಇರುತ್ತದೆ. ಆ ತೂತು ನಿನ್ನ ಬಲಕ್ಕೆ ಕಂಡರೆ ದವಡೆ ಎಡಗಡೆಯದು. ಅವಳು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಎಡಗಡೆದು" ಎಂದಳು. ಸರಿಯಾಗಿತ್ತು. "ಹಾಗಾದರೆ ಇದರ ಬಲಗಡೆದು ಎಲ್ಲಿ?" ಎಂದು ಕೇಳಿದಳು. ಅದೇ ಉಂಡೆಯ ಉಳಿದ ಮೂಳೆಗಳ ಡಬ್ಬಿ ನನ್ನ ಚೀಲದಲ್ಲಿತ್ತು. ಇಬ್ಬರೂ ಮೇಜಿನ ಮೇಲೆ ಸುರಿದುಕೊಂಡು ಹುಡುಕಲು ಕೂತೆವು.